ವಾಲ್ವ್ ಆಂಪ್ಲಿಫೈಯರ್ ಆಯ್ಕೆ: ಸ್ಪೀಕರ್‌ನಿಂದ ಹಿಂದಕ್ಕೆ ಎಣಿಸುತ್ತ

ಮನೆಯಲ್ಲಿ ಸಂಗೀತ ಕೇಳಲು ನಾನು ಇದುವರೆಗೆ ಎರಡು ವಾಲ್ವ್ ಆಂಪ್ಲಿಫೈಯರ್‌ಗಳನ್ನು, ಅಂದರೆ ಟ್ರಾನ್ಸಿಸ್ಟರ್ ಬದಲು ವಾಲ್ವ್ ಎಂಬ ಗಾಜಿನ ನಿರ್ವಾತ ನಳಿಕೆಗಳಿಂದ ದುಡಿಯುವ ಆಂಪ್ಲಿಫೈಯರ್‌ಗಳನ್ನು, ಇಟ್ಟುಕೊಂಡಿದ್ದೇನೆ. ಮೊದಲನೆಯದು ಬಹಳ ಒಳ್ಳೆಯ ಆಂಪ್ಲಿಫೈಯರ್, ಆದರೆ ನನ್ನ ಸ್ಪೀಕರ್‌ಗಳಿಗೆ ಅದು ಹೊಂದುವಂಥದ್ದಾಗಿರಲಿಲ್ಲ. ಎರಡನೆಯದು ಎಲ್ಲೆಡೆ ಸುಲಭವಾಗಿ ಸಿಗುವ ಸಾಮಾನ್ಯ ವಾಲ್ವ್‌ಗಳದ್ದು, ಆದರೂ ಆರು ವರ್ಷಗಳಲ್ಲಿ ಅದನ್ನು ಬದಲಿಸಬೇಕೆಂದು ಒಮ್ಮೆಯೂ ಅನ್ನಿಸಿಲ್ಲ. ಈ ಎರಡರ ನಡುವೆ ನಾನು ಕಲಿತದ್ದು ಆಯ್ಕೆಯ ಕ್ರಮವನ್ನು. ವಾಲ್ವ್‌ನ ಹೆಸರಿನಿಂದ ಶುರುಮಾಡಿ ಸ್ಪೀಕರ್‌ಗೆ ಬರುವುದು ತಲೆಕೆಳಗಾದ ದಾರಿ. ಸ್ಪೀಕರ್‌ನಿಂದ, ಕೇಳುವ ಕೋಣೆಯಿಂದ, ನಾವು ಕೇಳುವ ಸಂಗೀತದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ವಾಲ್ವ್‌ನ ಹೆಸರು ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ.

ಮೊದಲ ಆಂಪ್ಲಿಫೈಯರ್ 300ಬಿ ವಾಲ್ವ್‌ನದು, ಸಿಂಗಲ್ ಎಂಡೆಡ್ (ಪ್ರತಿ ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್) ರಚನೆಯದು, ಪ್ರತಿ ಚಾನೆಲ್‌ಗೆ ಸುಮಾರು 8 ವ್ಯಾಟ್ ಕೊಡುವಂಥದ್ದು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1938ರಲ್ಲಿ ತಂದ ಈ ಟ್ರಯೋಡ್ (ಮೂರು ವಿದ್ಯುದ್ವಾರಗಳ) ವಾಲ್ವ್ ಚಿತ್ರಮಂದಿರಗಳ ಆಂಪ್ಲಿಫೈಯರ್‌ಗಳಲ್ಲಿ ದುಡಿದು, ದಶಕಗಳ ನಂತರ ಮನೆಯ ಶ್ರೋತೃಗಳ ಆರಾಧನೆಗೆ ಪಾತ್ರವಾದದ್ದು. ಒಂದು ಚಾನೆಲ್‌ನ ಇಡೀ ಶಕ್ತಿಯನ್ನು ಒಂದೇ ವಾಲ್ವ್ ಹೊತ್ತುಕೊಳ್ಳುವ ಆ ಸರಳತೆ ನನ್ನನ್ನು ಸೆಳೆದಿತ್ತು. ಮನೆಗೆ ತಂದು, ನನ್ನ ಬಳಿ ಮೊದಲೇ ಇದ್ದ, 86 ಡೆಸಿಬೆಲ್ ಸೆನ್ಸಿಟಿವಿಟಿಯ, ಅಂದರೆ ಹೆಚ್ಚು ಶಕ್ತಿ ಬೇಡುವ, ಸ್ಪೀಕರ್‌ಗಳಿಗೆ ಜೋಡಿಸಿದೆ. ಒಂಟಿ ಕೊಳಲು, ಪಕ್ಕವಾದ್ಯವಿಲ್ಲದ ಒಂದು ಕಂಠ, ಮೆಲ್ಲನೆ ನುಡಿಸಿದ ಪಿಟೀಲು, ಇವೆಲ್ಲ ಕೋಣೆಯೊಳಗೇ ಹುಟ್ಟಿದಂತೆ ಕೇಳಿದವು. ಅಂಥ ಸಾಮೀಪ್ಯವನ್ನು ನಾನು ಅದುವರೆಗೆ ಯಾವ ಯಂತ್ರದಿಂದಲೂ ಕೇಳಿರಲಿಲ್ಲ. ಆದರೆ ಹಲವು ವಾದ್ಯಗಳು ಒಟ್ಟಿಗೆ ಏರಿದ ಕಡೆ, ಚರ್ಮವಾದ್ಯದ ಒಂದು ಬಲವಾದ ಪೆಟ್ಟು ಬಿದ್ದ ಕಡೆ, ನಾದ ಅರಳುವ ಬದಲು ಚಪ್ಪಟೆಯಾಗುತ್ತಿತ್ತು. ಮಂದ್ರದ ಸ್ವರಗಳು ತಡವಾಗಿ ಬಂದು ತಡವಾಗಿ ಹೋಗುತ್ತಿದ್ದವು. ನಾನು ವಾಲ್ವ್‌ಗಳನ್ನೇ ಅನುಮಾನಿಸಿ, ಒಂದಾದ ಮೇಲೊಂದರಂತೆ ಬೇರೆ ತಯಾರಕರ ವಾಲ್ವ್‌ಗಳನ್ನು ತರಿಸಿ, ಏಳೆಂಟು ತಿಂಗಳು ಬದಲಿಸುತ್ತಲೇ ಕಳೆದೆ. ಸಣ್ಣಪುಟ್ಟ ವ್ಯತ್ಯಾಸಗಳು ಕೇಳಿಸಿದರೂ ಮೂಲದ ತೊಂದರೆ ಇದ್ದಲ್ಲಿಯೇ ಇತ್ತು.

ವಾಲ್ವ್ ರೇಡಿಯೋಗಳ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಹಿರಿಯರೊಬ್ಬರ ಪರಿಚಯ ನನಗಿತ್ತು. ಅವರು ನನ್ನ ದೂರನ್ನು ಪೂರ್ತಿಯಾಗಿ ಕೇಳಿಸಿಕೊಂಡು, "ಆಂಪ್ಲಿಫೈಯರ್ ಹೊತ್ತುಕೊಂಡು ಬನ್ನಿ, ಸ್ಪೀಕರ್ ನನ್ನ ಹತ್ತಿರ ಇದೆ" ಎಂದರು. ಅವರ ಬಳಿ ಇದ್ದವು 97 ಡೆಸಿಬೆಲ್‌ನ, ಕಹಳೆಯ ಬಾಯಿಯಂತಿರುವ ಹಾರ್ನ್ ಸ್ಪೀಕರ್‌ಗಳು. ಅದೇ ಆಂಪ್ಲಿಫೈಯರ್, ಅದೇ ವಾಲ್ವ್‌ಗಳು, ನಾನು ಒಯ್ದಿದ್ದ ಅದೇ ಧ್ವನಿಮುದ್ರಣ. ನನ್ನ ಮನೆಯಲ್ಲಿ ಕುಗ್ಗಿ ಮುದುಡುತ್ತಿದ್ದ ಭಾಗಗಳು ಅಲ್ಲಿ ಯಾವ ಆಯಾಸವೂ ಇಲ್ಲದೆ ಎದ್ದು ನಿಂತವು. "ನಿಮ್ಮ ಆಂಪ್ಲಿಫೈಯರ್‌ನಲ್ಲಿ ದೋಷವಿಲ್ಲ ಸ್ವಾಮಿ, ನೀವು ಅದರ ತಲೆಯ ಮೇಲೆ ಹೊರಿಸಿರುವ ಹೊರೆ ದೊಡ್ಡದು" ಎಂದು ಅವರು ಹೇಳಿದ ಮಾತನ್ನು ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ಅರ್ಥ ಮಾಡಿಕೊಂಡೆ.

ಲೆಕ್ಕ ಕಷ್ಟದ್ದೇನಲ್ಲ. ಸೆನ್ಸಿಟಿವಿಟಿ ಎಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬೆಲ್ ಶಬ್ದ ಹೊರಡಿಸುತ್ತದೆ ಎಂಬ ಅಳತೆ. ಶಬ್ದ 3 ಡೆಸಿಬೆಲ್ ಹೆಚ್ಚಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು, 10 ಡೆಸಿಬೆಲ್ ಹೆಚ್ಚಬೇಕಾದರೆ ಹತ್ತು ಪಟ್ಟಾಗಬೇಕು. ನನ್ನ ಸ್ಪೀಕರ್‌ಗೂ ಅವರ ಸ್ಪೀಕರ್‌ಗೂ ನಡುವಿನ 11 ಡೆಸಿಬೆಲ್ ಅಂತರ ಸುಮಾರು ಹನ್ನೆರಡೂವರೆ ಪಟ್ಟು ಶಕ್ತಿಗೆ ಸಮ. ಅಂದರೆ 8 ವ್ಯಾಟ್‌ನಿಂದ ಅವರು ಪಡೆಯುತ್ತಿದ್ದ ಶಬ್ದವನ್ನು ನನ್ನ ಸ್ಪೀಕರ್‌ನಿಂದ ಪಡೆಯಲು 100 ವ್ಯಾಟ್ ಬೇಕು. ಕಂಪನಿಗಳು ಮುದ್ರಿಸುವ ಸೆನ್ಸಿಟಿವಿಟಿಯ ಅಂಕಿಯಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬಹಳಷ್ಟು ಕಡೆ 1 ವ್ಯಾಟ್ ಎನ್ನುವ ಬದಲು 2.83 ವೋಲ್ಟ್ ಎಂದು ಕೊಟ್ಟಿರುತ್ತಾರೆ. 8 ಓಮ್ ಸ್ಪೀಕರ್‌ಗೆ ಅದು 1 ವ್ಯಾಟ್ ಆದರೆ 4 ಓಮ್ ಸ್ಪೀಕರ್‌ಗೆ 2 ವ್ಯಾಟ್, ಆದ್ದರಿಂದ 4 ಓಮ್ ಸ್ಪೀಕರ್‌ನ ಅಂಕಿಯಿಂದ 3 ಡೆಸಿಬೆಲ್ ಕಳೆದುಕೊಂಡೇ ಹೋಲಿಸಬೇಕು.

ಹಾಗಾದರೆ ನಿಮಗೆ ನಿಜವಾಗಿ ಎಷ್ಟು ವ್ಯಾಟ್ ಬೇಕು? ಇದನ್ನು ಊಹಿಸಬೇಕಿಲ್ಲ, ಈಗ ಮನೆಯಲ್ಲಿರುವ ಆಂಪ್ಲಿಫೈಯರ್‌ನಿಂದಲೇ ಅಳೆಯಬಹುದು. ಅದು ಶಕ್ತಿಯಲ್ಲಿ ಸಾಕಷ್ಟು ದೊಡ್ಡದಾಗಿದ್ದರೆ ಸಾಕು. ನೀವು ಕೇಳುವ ಸಂಗೀತದಲ್ಲಿ ಅತ್ಯಂತ ಏರುದನಿಯ ಭಾಗವನ್ನು, ನೀವು ಎಂದಾದರೂ ಕೇಳಬಹುದಾದ ಅತಿ ಹೆಚ್ಚಿನ ಮಟ್ಟದಲ್ಲಿ ನುಡಿಸಿ ವಾಲ್ಯೂಮ್ ಗುಂಡಿಯನ್ನು ಅಲ್ಲಿಯೇ ಬಿಡಿ. ನಂತರ 200 ಹರ್ಟ್ಸ್‌ನ, ಪೂರ್ಣ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗಿರುವ ಒಂದು ಪರೀಕ್ಷಾ ಸ್ವರವನ್ನು ಕೆಲವೇ ಕ್ಷಣ ನುಡಿಸಿ, ಸ್ಪೀಕರ್‌ನ ಎರಡು ತುದಿಗಳ ನಡುವೆ ಮಲ್ಟಿಮೀಟರ್‌ನಿಂದ ಎಸಿ ವೋಲ್ಟೇಜ್ ಅಳೆಯಿರಿ. 12 ಡೆಸಿಬೆಲ್ ಎಂದರೆ ವೋಲ್ಟೇಜ್‌ನಲ್ಲಿ ನಾಲ್ಕು ಪಟ್ಟು. ಆದ್ದರಿಂದ ಸಿಕ್ಕಿದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಆ ವೋಲ್ಟೇಜ್‌ನ ವರ್ಗವನ್ನು ಸ್ಪೀಕರ್‌ನ ಓಮ್‌ನಿಂದ ಭಾಗಿಸಿದರೆ ಬೇಕಾದ ವ್ಯಾಟ್ ಸಿಗುತ್ತದೆ. ನನಗೆ ಸಿಕ್ಕಿದ್ದು 2.9 ವೋಲ್ಟ್. ನಾಲ್ಕು ಪಟ್ಟು ಮಾಡಿದರೆ 11.6, ಅದರ ವರ್ಗವನ್ನು 8ರಿಂದ ಭಾಗಿಸಿದರೆ ಸುಮಾರು 17 ವ್ಯಾಟ್. ನನ್ನ ಬಳಿ ಇದ್ದದ್ದು 8. ಕೊರತೆ ಬರೀ 3 ಡೆಸಿಬೆಲ್‌ನದು, ಆದ್ದರಿಂದಲೇ ಮೆಲ್ಲನೆಯ ಸಂಗೀತ ಅಷ್ಟು ಚೆಲುವಾಗಿ, ಏರುದನಿ ಮಾತ್ರ ಕುಗ್ಗಿ ಕೇಳುತ್ತಿತ್ತು. ಈ ಒಂದು ಅಳತೆಯನ್ನು ಮೊದಲೇ ಮಾಡಿದ್ದರೆ ಏಳೆಂಟು ತಿಂಗಳ ಗೊಂದಲ ತಪ್ಪುತ್ತಿತ್ತು. ವಾಲ್ವ್ ಆಂಪ್ಲಿಫೈಯರ್ ಕೊಳ್ಳುವ ಯೋಚನೆಯಿರುವ ಪ್ರತಿಯೊಬ್ಬರೂ ಬೇರೆ ಯಾವ ಸಲಹೆಯನ್ನು ಬಿಟ್ಟರೂ ಇದನ್ನು ಬಿಡಬಾರದು ಎಂದು ನಾನು ಕೇಳಿಕೊಳ್ಳುತ್ತೇನೆ.

ಮಂದ್ರ ಸಡಿಲವಾಗಿ ಕೇಳುತ್ತಿದ್ದುದಕ್ಕೆ ಕಾರಣ ಬೇರೆ. ಸ್ಪೀಕರ್‌ನ ಬೆನ್ನಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ಇಂಪೀಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ಒಂದೊಂದು ಆವರ್ತನದಲ್ಲಿ ಒಂದೊಂದು ಬಗೆ. ನನ್ನ ಸ್ಪೀಕರ್‌ಗಳದು ಒಂದು ಕಡೆ 5 ಓಮ್‌ಗೆ ಇಳಿದು, ಮಂದ್ರದ ಅನುರಣನದ ಬಳಿ 28 ಓಮ್‌ಗೆ ಏರುತ್ತದೆ. ಆಂಪ್ಲಿಫೈಯರ್‌ಗೂ ತನ್ನದೇ ಆದ ಔಟ್‌ಪುಟ್ ಇಂಪೀಡೆನ್ಸ್ ಇರುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಇದು ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಫೀಡ್‌ಬ್ಯಾಕ್ (ತಪ್ಪು ತಿದ್ದಲು ಔಟ್‌ಪುಟ್‌ನ ಒಂದು ಪಾಲನ್ನು ಒಳಗೆ ಹಿಂದಿರುಗಿಸುವ ವ್ಯವಸ್ಥೆ) ಇಲ್ಲದ ನನ್ನ 300ಬಿ ಯಂತ್ರದಲ್ಲಿ ಸುಮಾರು 2.2 ಓಮ್. ಈ ಎರಡು ಇಂಪೀಡೆನ್ಸ್‌ಗಳು ವೋಲ್ಟೇಜನ್ನು ತಮ್ಮೊಳಗೆ ಹಂಚಿಕೊಳ್ಳುವುದರಿಂದ, 28 ಓಮ್ ಇರುವ ಆವರ್ತನಕ್ಕೆ 5 ಓಮ್ ಇರುವ ಆವರ್ತನಕ್ಕಿಂತ ಸುಮಾರು 2.5 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಅಂದರೆ ನಾನು ಕೇಳುತ್ತಿದ್ದುದು ಸ್ಪೀಕರ್ ತಯಾರಿಸಿದವರು ಉದ್ದೇಶಿಸಿದ ನಾದವನ್ನಲ್ಲ, ಮಂದ್ರದ ಒಂದು ಪಟ್ಟಿಯನ್ನು ಎತ್ತಿ ಹಿಡಿದ ನಾದವನ್ನು. ಎಷ್ಟೋ ಜನ ವಾಲ್ವ್‌ನ ಬೆಚ್ಚನೆಯ ನಾದ ಎಂದು ಬಣ್ಣಿಸುವುದರಲ್ಲಿ ದೊಡ್ಡ ಪಾಲು ಇದೇ ಎಂಬುದು ನನ್ನ ನಂಬಿಕೆ. ಕೆಲವು ಸ್ಪೀಕರ್‌ಗಳಿಗೆ ಅದು ಒಪ್ಪುತ್ತದೆ, ಕೆಲವಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಸೆನ್ಸಿಟಿವಿಟಿಯ ಜೊತೆಗೆ ಸ್ಪೀಕರ್‌ನ ಇಂಪೀಡೆನ್ಸ್ ರೇಖೆಯನ್ನೂ ನೋಡಬೇಕು. ರೇಖೆ ಹೆಚ್ಚು ಏರಿಳಿತವಿಲ್ಲದೆ ಸಾಗಿ, 6 ಓಮ್‌ಗಿಂತ ಕೆಳಗಿಳಿಯದಿದ್ದರೆ ಯಾವ ವಾಲ್ವ್ ಆಂಪ್ಲಿಫೈಯರ್‌ಗೂ ಅದು ಸುಲಭದ ಜೊತೆ. 3 ಓಮ್‌ಗೆ ಇಳಿಯುವ ಸ್ಪೀಕರ್‌ಗಳಾದರೆ 4 ಓಮ್‌ನ ಟ್ಯಾಪ್ (ಸ್ಪೀಕರ್ ತಂತಿ ಜೋಡಿಸುವ ಕೊಂಡಿ) ಇರುವ, ಒಂದಿಷ್ಟು ಫೀಡ್‌ಬ್ಯಾಕ್ ಇರುವ ಆಂಪ್ಲಿಫೈಯರನ್ನೇ ಹುಡುಕುವುದು ಕ್ಷೇಮ. ಟ್ಯಾಪ್ ಯಾವುದೆಂದು ಬರಹ ನೋಡಿ ತೀರ್ಮಾನಿಸದೆ, 4 ಮತ್ತು 8 ಎರಡಕ್ಕೂ ಜೋಡಿಸಿ ಕೇಳಿ ತೀರ್ಮಾನಿಸಬಹುದು. ಜೋಡಣೆ ಬದಲಿಸುವಾಗ ಆಂಪ್ಲಿಫೈಯರ್ ಸ್ವಿಚ್ ಆಫ್ ಆಗಿರಬೇಕು, ಅಷ್ಟೇ.

ಈ ಟ್ಯಾಪ್‌ಗಳೆಲ್ಲ ಹೊರಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ. ವಾಲ್ವ್ ಆಂಪ್ಲಿಫೈಯರ್‌ನ ನಿಜವಾದ ಜೀವಾಳ ಇದು ಎಂದು ಈಗ ನನಗೆ ಖಚಿತವಾಗಿದೆ. ವಾಲ್ವ್‌ಗೆ ಸಾವಿರಾರು ಓಮ್‌ನ ಹೊರೆ ಬೇಕು, ಸ್ಪೀಕರ್ ಇರುವುದು 8 ಓಮ್. 3,500 ಓಮ್‌ಗಳನ್ನು 8 ಓಮ್‌ಗೆ ಹೊಂದಿಸಬೇಕಾದರೆ ವಾಲ್ವ್ ಕಡೆಯ ಪ್ರೈಮರಿ ಸುರುಳಿಯಲ್ಲಿ ಸ್ಪೀಕರ್ ಕಡೆಯ ಸೆಕೆಂಡರಿಗಿಂತ ಸುಮಾರು 21 ಪಟ್ಟು ಸುತ್ತುಗಳಿರಬೇಕು. ಮಂದ್ರ ಸರಿಯಾಗಿ ಬರಬೇಕಾದರೆ ಸುತ್ತುಗಳು ಹೆಚ್ಚಿರಬೇಕು, ಕಬ್ಬಿಣದ ಕೋರ್ ದೊಡ್ಡದಿರಬೇಕು. ಆದರೆ ಸುತ್ತುಗಳು ಹೆಚ್ಚಿದಷ್ಟೂ ಸುರುಳಿಗಳ ನಡುವಿನ ಕೆಪ್ಯಾಸಿಟೆನ್ಸ್ ಮತ್ತು ಸೋರಿಕೆ ಹೆಚ್ಚಿ ತಾರದ ಸ್ವರಗಳು ಕುಂದುತ್ತವೆ. ಸೋರಿಕೆಯನ್ನು ತಗ್ಗಿಸಲು ಪ್ರೈಮರಿ ಮತ್ತು ಸೆಕೆಂಡರಿಗಳನ್ನು ಹಲವು ಪದರಗಳಾಗಿ ಒಂದರ ನಡುವೆ ಒಂದು ಬರುವಂತೆ ಸುತ್ತುತ್ತಾರೆ. ಈ ಎರಡೂ ತುದಿಗಳನ್ನು ಒಟ್ಟಿಗೆ ಗೆಲ್ಲುವುದು ಕುಶಲಕರ್ಮಿಯ ಕೆಲಸ, ಖರ್ಚಿನ ಕೆಲಸ. ಕಂಪನಿಗಳು ವ್ಯಾಟ್ ಅಂಕಿಯನ್ನು ಬಹುತೇಕ 1,000 ಹರ್ಟ್ಸ್‌ನಲ್ಲಿ ಕೊಡುತ್ತವೆ. ಆದರೆ ಕೋರ್ ತನ್ನ ಮಿತಿ ಮುಟ್ಟುವುದು ತಗ್ಗಿನ ಆವರ್ತನಗಳಲ್ಲಿ, ಮತ್ತು ಆವರ್ತನ ಅರ್ಧಕ್ಕಿಳಿದರೆ ಆ ಮಿತಿಯೊಳಗೆ ಅದು ಸಾಗಿಸಬಲ್ಲ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಹಾಗಾಗಿ ಮಾರುವವರನ್ನು ನಾನು ಕೇಳುವ ಮೊದಲ ಪ್ರಶ್ನೆ, ಇದು 30 ಹರ್ಟ್ಸ್‌ನಲ್ಲಿ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದು. ಉತ್ತರ ಸಿಗದಿದ್ದರೆ ಆಂಪ್ಲಿಫೈಯರನ್ನು ಎತ್ತಿ ನೋಡುತ್ತೇನೆ. ತೂಕವೊಂದೇ ಗುಣಕ್ಕೆ ಪ್ರಮಾಣವಲ್ಲ, ಆದರೆ 40 ವ್ಯಾಟ್ ಎಂದು ಹೇಳಿಕೊಂಡು ಒಂದೇ ಕೈಯಲ್ಲಿ ಎತ್ತಲು ಬರುವ ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಕಬ್ಬಿಣದಲ್ಲಿ ಜಿಪುಣತನ ಮಾಡಿದ್ದಾರೆಂದೇ ತಿಳಿಯಬೇಕು.

ಸಿಂಗಲ್ ಎಂಡೆಡ್ ಮತ್ತು ಪುಶ್‌ಪುಲ್ ನಡುವಿನ ಆಯ್ಕೆಯೂ ಈ ಕಬ್ಬಿಣಕ್ಕೇ ಬಂದು ಸೇರುತ್ತದೆ. ಸಿಂಗಲ್ ಎಂಡೆಡ್‌ನಲ್ಲಿ ವಾಲ್ವ್‌ನ ನೇರ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ನ ಮೂಲಕವೇ ಸದಾ ಹರಿಯುವುದರಿಂದ ಕೋರ್‌ನಲ್ಲಿ ಒಂದು ಸಣ್ಣ ಬಿರುಕನ್ನು ಬೇಕೆಂದೇ ಬಿಟ್ಟು, ಗಾತ್ರವನ್ನು ಹಿಗ್ಗಿಸಬೇಕಾಗುತ್ತದೆ. ಎರಡು ವಾಲ್ವ್‌ಗಳು ಕೆಲಸ ಹಂಚಿಕೊಂಡು ದುಡಿಯುವ ಪುಶ್‌ಪುಲ್‌ನಲ್ಲಿ ಅವುಗಳ ನೇರ ವಿದ್ಯುತ್ ವಿರುದ್ಧ ದಿಕ್ಕಿನಲ್ಲಿ ಹರಿದು ಕೋರ್‌ನೊಳಗೆ ಒಂದನ್ನೊಂದು ಅಳಿಸಿಹಾಕುತ್ತವೆ, ಜೊತೆಗೆ ಔಟ್‌ಪುಟ್ ವಾಲ್ವ್‌ಗಳಲ್ಲಿ ಹುಟ್ಟುವ ಸಮಸಂಖ್ಯೆಯ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಆವರ್ತನದ ಎರಡು, ನಾಲ್ಕು ಪಟ್ಟು ಹೀಗೆ ಹೊಸದಾಗಿ ಹುಟ್ಟುವ ಸ್ವರಗಳೂ) ಅಳಿಯುತ್ತವೆ. ಎರಡನೆಯ ಹಾರ್ಮೋನಿಕ್ ಎಂದರೆ ಮೂಲ ಷಡ್ಜಕ್ಕೆ ಮೇಲಿನ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ. ಇವೆರಡೂ ಸಂಗೀತದೊಡನೆ ಬೆರೆತುಹೋಗುವಂಥವು. ಏಳನೆಯದು ಯಾವ ಸ್ವರಕ್ಕೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಅದು ಅತಿ ಅಲ್ಪ ಪ್ರಮಾಣದಲ್ಲಿದ್ದರೂ ಕಿವಿಗೆ ಒರಟು. ಆದ್ದರಿಂದ ಒಟ್ಟು ಡಿಸ್ಟಾರ್ಷನ್ (ನಾದದ ವಿಕೃತಿ) ಶೇಕಡ ಎಷ್ಟು ಎಂಬ ಒಂದೇ ಅಂಕಿಗಿಂತ ಅದರೊಳಗೆ ಯಾವ ಹಾರ್ಮೋನಿಕ್ ಎಷ್ಟಿದೆ ಎಂಬುದು ಹೆಚ್ಚು ತಿಳಿಸುತ್ತದೆ. ಒಳ್ಳೆಯ ಸಿಂಗಲ್ ಎಂಡೆಡ್ ಆಂಪ್ಲಿಫೈಯರ್ ಶೇಕಡ 1ರಷ್ಟು ಎರಡನೆಯ ಹಾರ್ಮೋನಿಕ್ ಇಟ್ಟುಕೊಂಡೂ ಹಿತವಾಗಿ ಕೇಳುವುದು ಇದರಿಂದ.

ಫೀಡ್‌ಬ್ಯಾಕ್ ಎಂಬ ಮಾತು ಕೇಳಿದೊಡನೆ ಮುಖ ಸಿಂಡರಿಸುವ ವಾಲ್ವ್ ಪ್ರಿಯರು ಬಹಳ. ನಾನೂ ಒಂದು ಕಾಲಕ್ಕೆ ಹಾಗೆಯೇ ಯೋಚಿಸುತ್ತಿದ್ದೆ. ಆದರೆ ಹೈಫೈ ಎಂಬ ಮಾತಿಗೆ ಅರ್ಥ ಬಂದದ್ದರಲ್ಲಿ ಫೀಡ್‌ಬ್ಯಾಕ್‌ನ ಪಾಲು ದೊಡ್ಡದು. ಬ್ರಿಟನ್ನಿನ ಎಂಜಿನಿಯರ್ ವಿಲಿಯಂಸನ್ 1947ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ 15 ವ್ಯಾಟ್‌ನ ಆಂಪ್ಲಿಫೈಯರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡಂತೆ 20 ಡೆಸಿಬೆಲ್ ಫೀಡ್‌ಬ್ಯಾಕ್ ಬಳಸಿ, ಡಿಸ್ಟಾರ್ಷನ್ ಅನ್ನು ಆವರೆಗೆ ಮನೆಯ ಯಂತ್ರಗಳಲ್ಲಿ ಕಾಣದಷ್ಟು ಕೆಳಗಿಳಿಸಿತು. 1951ರಲ್ಲಿ ಅಮೆರಿಕದ ಹಾಫ್ಲರ್ ಮತ್ತು ಕೆರೋಸ್ ಜನಪ್ರಿಯಗೊಳಿಸಿದ ಅಲ್ಟ್ರಾಲೀನಿಯರ್ ಜೋಡಣೆಯಲ್ಲಿ ವಾಲ್ವ್‌ನೊಳಗಿನ ಸ್ಕ್ರೀನ್ ಗ್ರಿಡ್ ಎಂಬ ಜಾಲರಿಯನ್ನು ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ ನಡುವಿನ ಒಂದು ಬಿಂದುವಿಗೆ ಕಟ್ಟಿ, ಟ್ರಯೋಡ್‌ನ ಸೌಮ್ಯತೆಯನ್ನೂ ಐದು ವಿದ್ಯುದ್ವಾರಗಳ ಪೆಂಟೋಡ್‌ನ ಶಕ್ತಿಯನ್ನೂ ಒಟ್ಟಿಗೆ ಪಡೆಯಲಾಯಿತು. ಇಂದು ಮಾರಾಟದಲ್ಲಿರುವ ಪುಶ್‌ಪುಲ್ ಯಂತ್ರಗಳಲ್ಲಿ ಹೆಚ್ಚಿನವು ಈ ಎರಡರ ವಂಶದವೇ. ಒಳ್ಳೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಮಿತವಾದ ಫೀಡ್‌ಬ್ಯಾಕ್ ನಾದವನ್ನು ಕೆಡಿಸುವುದಿಲ್ಲ, ಔಟ್‌ಪುಟ್ ಇಂಪೀಡೆನ್ಸನ್ನು ತಗ್ಗಿಸಿ ಮಂದ್ರವನ್ನು ಬಿಗಿಗೊಳಿಸುತ್ತದೆ.

ಇಷ್ಟಾದ ಮೇಲೆ ವಾಲ್ವ್‌ಗಳ ಹೆಸರಿಗೆ ಬರಬಹುದು, ಮತ್ತು ಇಲ್ಲಿ ಹೇಳಬೇಕಾದದ್ದು ಕಡಿಮೆ. ಪುಶ್‌ಪುಲ್‌ನಲ್ಲಿ ಒಂದು ಜೋಡಿ ಇಎಲ್84ರಿಂದ 10ರಿಂದ 15 ವ್ಯಾಟ್, ಒಂದು ಜೋಡಿ ಇಎಲ್34ರಿಂದ 30ರಿಂದ 35, ಕೆಟಿ88ರಿಂದ ಅದಕ್ಕೂ ಹೆಚ್ಚು ಎಂದು ಇಟ್ಟುಕೊಳ್ಳಬಹುದು. ಮುಂಭಾಗದ ಸಣ್ಣ ವಾಲ್ವ್‌ಗಳಲ್ಲಿ 12ಎಎಕ್ಸ್7, 12ಎಯು7, 6ಎಸ್‌ಎನ್7 ಇವು ಹೆಚ್ಚು ಬಳಕೆಯಲ್ಲಿರುವವು. ಇವೆಲ್ಲ ಇಂದಿಗೂ ಹೊಸದಾಗಿ ತಯಾರಾಗುತ್ತಿರುವುದರಿಂದ ಮುಂದೆ ಬದಲಿಸಬೇಕಾದಾಗ ಪರದಾಡಬೇಕಿಲ್ಲ. ತಯಾರಿಕೆ ನಿಂತುಹೋದ ಅಪರೂಪದ ವಾಲ್ವ್ ಬಳಸಿದ ಆಂಪ್ಲಿಫೈಯರ್ ಎಷ್ಟೇ ಚೆನ್ನಾಗಿ ಹಾಡಿದರೂ, ಮೊದಲ ಬಾರಿಗೆ ವಾಲ್ವ್ ಲೋಕಕ್ಕೆ ಬರುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮುಂಭಾಗದಲ್ಲಿ ಒಂದೆರಡು ಸಣ್ಣ ವಾಲ್ವ್ ಇಟ್ಟು ಶಕ್ತಿಗೆ ಟ್ರಾನ್ಸಿಸ್ಟರ್ ಬಳಸುವ ಹೈಬ್ರಿಡ್ ಯಂತ್ರಗಳಿಗೆ ಅವುಗಳದೇ ಗುಣವಿದೆ, ಆದರೆ ಇಲ್ಲಿಯವರೆಗೆ ಹೇಳಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕಥೆ ಅವುಗಳಿಗೆ ಅನ್ವಯಿಸುವುದಿಲ್ಲ.

ನಿತ್ಯದ ಬಾಳಿಕೆಯ ವಿಷಯದಲ್ಲಿ ಬಯಸ್ (ಸಂಗೀತವಿಲ್ಲದಾಗಲೂ ವಾಲ್ವ್‌ನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ) ಹೊಂದಿಸುವ ಬಗೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕ್ಯಾಥೋಡ್ ಬಯಸ್ ಇರುವ ಆಂಪ್ಲಿಫೈಯರ್ ತನ್ನನ್ನು ತಾನೇ ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ, ಶಕ್ತಿ ತುಸು ಕಡಿಮೆ. ಫಿಕ್ಸೆಡ್ ಬಯಸ್ ಎಂಬುದರ ಹೆಸರು ಹಾಗಿದ್ದರೂ ಅದನ್ನು ಆಗಾಗ ಅಳೆದು ಹೊಂದಿಸಬೇಕು. ಅಳೆಯುವ ಬಿಂದುಗಳನ್ನು ಮೇಲ್ಗಡೆಯೇ ಕೊಟ್ಟಿರುವ ಯಂತ್ರವಾದರೆ ಇದು ಐದು ನಿಮಿಷದ ಕೆಲಸ. ಅದಿಲ್ಲದೆ ತಳದ ಮುಚ್ಚಳ ಬಿಚ್ಚಬೇಕಾದರೆ, 400 ವೋಲ್ಟ್‌ಗೂ ಹೆಚ್ಚು ಇರುವ ಕಡೆ ಅಭ್ಯಾಸವಿಲ್ಲದವರು ಕೈ ಹಾಕಲೇಬಾರದು. ಆರಿಸಿದ ಮೇಲೂ ಕೆಪ್ಯಾಸಿಟರ್‌ಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಇದೇ ಗಾಂಭೀರ್ಯದಿಂದ ಹೇಳಬೇಕಾದ ಇನ್ನೊಂದು ಮಾತು, ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಸಂಗೀತ ಹರಿಸಬಾರದು ಎಂಬುದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ವೋಲ್ಟೇಜ್ ವಿಪರೀತ ಏರಿ ಸುರುಳಿಯ ಹೊದಿಕೆ ಸುಟ್ಟುಹೋಗಬಹುದು. ಗಾಜಿನೊಳಗೆ ಕಾಣುವ ತೆಳು ನೀಲಿ ಮಿನುಗಿಗೆ ಹೆದರಬೇಕಿಲ್ಲ, ಆದರೆ ಪ್ಲೇಟ್ (ವಾಲ್ವ್‌ನೊಳಗಿನ ಹೊರ ಲೋಹದ ಭಾಗ) ಕೆಂಪಗೆ ಕಾದು ಹೊಳೆಯತೊಡಗಿದರೆ ಆ ಕ್ಷಣವೇ ಆರಿಸಬೇಕು. ತುದಿಯ ಬೆಳ್ಳಿಯ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಸೇರಿದೆ, ಆ ವಾಲ್ವ್ ಮುಗಿಯಿತು ಎಂದರ್ಥ. ಶಾಖವನ್ನೂ ಮರೆಯಬಾರದು. ನಾಲ್ಕು ಇಎಲ್34ಗಳ ಹೀಟರ್‌ಗಳೇ ಸುಮಾರು 38 ವ್ಯಾಟ್ ತಿನ್ನುತ್ತವೆ, ಪ್ಲೇಟ್‌ಗಳ ಶಾಖ ಅದರ ಮೇಲೆ. ಮುಚ್ಚಿದ ಕಪಾಟಿನಲ್ಲಿ ಇಡುವ ಯೋಚನೆಯಿದ್ದರೆ ವಾಲ್ವ್ ಆಂಪ್ಲಿಫೈಯರ್ ಬೇಡ.

ಕೊಳ್ಳುವ ಮುನ್ನ ಕೇಳಿ ನೋಡುವಾಗ ಎರಡು ಯಂತ್ರಗಳ ಶಬ್ದದ ಮಟ್ಟವನ್ನು ಕಿವಿಯಂದಾಜಿನಲ್ಲಿ ಹೊಂದಿಸಿದರೆ ಸಾಲದು. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಮೊದಲು ಹೇಳಿದ ಪರೀಕ್ಷಾ ಸ್ವರ ಮತ್ತು ಮಲ್ಟಿಮೀಟರ್ ಇಲ್ಲಿಯೂ ನೆರವಿಗೆ ಬರುತ್ತವೆ. ಸಂಗೀತ ನಿಲ್ಲಿಸಿ ಸ್ಪೀಕರ್‌ಗೆ ಕಿವಿಯಿಟ್ಟು ಗುಂಯ್‌ಗುಡುವ ಸದ್ದು ಎಷ್ಟಿದೆ ಎಂದೂ ಪರೀಕ್ಷಿಸಬೇಕು. ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಇರುವವರಿಗೆ ಇದು ಕೂರುವ ಜಾಗದವರೆಗೂ ಕೇಳಿಸಬಹುದು. ಸಾಧ್ಯವಾದರೆ ಯಂತ್ರವನ್ನು ನಿಮ್ಮದೇ ಸ್ಪೀಕರ್‌ಗಳೊಡನೆ ಕೇಳಿ, ಒಂಟಿ ಕಂಠದಲ್ಲಿ ಎಲ್ಲ ವಾಲ್ವ್ ಯಂತ್ರಗಳೂ ಗೆಲ್ಲುವುದರಿಂದ ನೀವು ಬಲ್ಲ ಅತ್ಯಂತ ಕಿಕ್ಕಿರಿದ ಸಂಗೀತದಿಂದಲೇ ಆರಂಭಿಸಿ.

ನನ್ನ ಮುಂದೆ ಎರಡು ದಾರಿಗಳಿದ್ದವು: ಸ್ಪೀಕರ್ ಬದಲಿಸುವುದು, ಇಲ್ಲವೇ ಆಂಪ್ಲಿಫೈಯರ್ ಬದಲಿಸುವುದು. ಸ್ಪೀಕರ್‌ಗಳನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. 300ಬಿ ಯಂತ್ರವನ್ನು, ಅದಕ್ಕೆ ಒಪ್ಪುವ ಹಾರ್ನ್ ಸ್ಪೀಕರ್ ಇದ್ದ ಆ ಹಿರಿಯರೇ ಸಂತೋಷದಿಂದ ತೆಗೆದುಕೊಂಡರು. ಅದರ ಜಾಗಕ್ಕೆ ಇಎಲ್34ರ ಪುಶ್‌ಪುಲ್, ಅಲ್ಟ್ರಾಲೀನಿಯರ್ ಜೋಡಣೆಯ, 32 ವ್ಯಾಟ್‌ನ ಆಂಪ್ಲಿಫೈಯರ್ ಬಂತು. ಅದರ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 0.8 ಓಮ್ ಆದ್ದರಿಂದ, 2.5 ಡೆಸಿಬೆಲ್ ಇದ್ದ ಆ ಉಬ್ಬು ಈಗ 1 ಡೆಸಿಬೆಲ್‌ನ ಆಸುಪಾಸಿನಲ್ಲಿದೆ, ಮಂದ್ರ ಬರಬೇಕಾದ ಕಡೆ ಬಂದು ನಿಲ್ಲಬೇಕಾದ ಕಡೆ ನಿಲ್ಲುತ್ತದೆ. ಒಂಟಿ ಕಂಠ ಕೇಳುವಾಗ 300ಬಿಯ ಆ ಸಾಮೀಪ್ಯ ಕೆಲವೊಮ್ಮೆ ನೆನಪಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಡೀ ಮೇಳ ಏರಿ ನಿಂತಾಗ ಕೈ ತಾನಾಗಿ ವಾಲ್ಯೂಮ್ ಗುಂಡಿಯ ಕಡೆಗೆ ಹೋಗುತ್ತಿದ್ದ ಅಭ್ಯಾಸ ಈಗ ಹೋಗಿದೆ.

ಈ ಇಎಲ್34 ಯಂತ್ರದಲ್ಲಿ ಈಗಿರುವುದು ಎರಡನೆಯ ಸುತ್ತಿನ ವಾಲ್ವ್‌ಗಳು. 430 ವೋಲ್ಟ್‌ನಲ್ಲಿ ಪ್ರತಿ ವಾಲ್ವ್‌ಗೆ 40 ಮಿಲಿಆಂಪಿಯರ್, ಅಂದರೆ ಇಎಲ್34ರ 25 ವ್ಯಾಟ್ ಮಿತಿಯಲ್ಲಿ ಸುಮಾರು ಶೇಕಡ 70ರಷ್ಟು ಹೊರೆ, ಅದಕ್ಕಿಂತ ಹೆಚ್ಚು ದುಡಿಸುವುದಿಲ್ಲ. ಕಳೆದ ವಾರ 10 ಓಮ್‌ನ ಅಳತೆ ಬಿಂದುಗಳಲ್ಲಿ ನೋಡಿದಾಗ ಮೂರು ವಾಲ್ವ್‌ಗಳು 0.40 ವೋಲ್ಟ್ ತೋರಿಸಿದವು, ಬಲಗಡೆಯ ಒಂದು ಮಾತ್ರ 0.36ಕ್ಕೆ ಇಳಿದಿತ್ತು. ಸ್ಕ್ರೂ ತಿರುಗಿಸಿ ಸರಿಮಾಡಿದ್ದೇನೆ. ಮುಂದಿನ ತಿಂಗಳೂ ಅದೇ ವಾಲ್ವ್ ಇಳಿದರೆ ಆ ಬದಿಯ ಜೋಡಿಯನ್ನೇ ತೆಗೆಯುತ್ತೇನೆ, ಹೊಂದಿಸಿದ ಹೊಸ ಜೋಡಿಯೊಂದು ಡಬ್ಬದಲ್ಲಿ ಸಿದ್ಧವಾಗಿದೆ.